ಖಾಲಿ ಕುರ್ಚಿಗೇ ಮೊದಲ ಫೋನು

ನಮ್ಮದು ನೀರಿನ ಮೋಟ್ರು ರಿಪೇರಿ ಮಾಡಿಸೋರು ಫೋನ್ ಮಾಡೋ ಸರ್ವಿಸ್ ಲೈನು. ಮೊದಲೆಲ್ಲಾ ಬೆಂಗಳೂರಿಗೆ 080 ನಂಬರು, ಹುಬ್ಬಳ್ಳಿ ಆಫೀಸಿಗೆ 0836, ಅವರ ಕ್ಯೂ ಅವರಿಗೆ ನಮ್ಮ ಕ್ಯೂ ನಮಗೆ. ಸೋಮವಾರ ಬೆಳಗ್ಗೆ ಇಲ್ಲಿ ಸ್ಕ್ರೀನಲ್ಲಿ 9 ಜನ ಕಾಯ್ತಿದ್ದಾರೆ ಅಂತ ಕೆಂಪಗೆ ಮಿಣುಕ್ತಿದ್ರೆ ಅದೇ ಹೊತ್ತಿಗೆ ಹುಬ್ಬಳ್ಳಿಯವರು ಗಿರಮಿಟ್ ತಿಂತಿರೋ ಫೋಟೋ ಆಫೀಸ್ ಗ್ರೂಪಿಗೆ ಹಾಕ್ತಿದ್ರು, ಹೊಟ್ಟೆ ಉರಿಯದೆ ಇರುತ್ತಾ ಹೇಳಿ. ಮಧ್ಯಾಹ್ನ ನೋಡಿದ್ರೆ ಉಲ್ಟಾ, ಅಲ್ಲಿ ಉಸಿರಾಡಕ್ಕೆ ಬಿಡುವಿಲ್ಲ, ನಾವಿಲ್ಲಿ ಉಗುರು ನೋಡ್ಕೊಂಡು ಕೂತಿರ್ತಿದ್ವಿ.

ಹೋದ ವರ್ಷ ಎರಡನ್ನೂ ಸೇರಿಸಿ ಒಂದೇ ಕ್ಯೂ ಮಾಡಿದ್ರು. ಈಗ ಯಾವ ನಂಬರಿಗೆ ಮಾಡಿದ್ರೂ ಕಾಲ್ ಒಂದೇ ಸಾಲಲ್ಲಿ ಬಂದು ನಿಲ್ಲುತ್ತೆ, ಎರಡೂ ಊರು ಸೇರಿ ಯಾರು ಎಲ್ಲರಿಗಿಂತ ಜಾಸ್ತಿ ಹೊತ್ತು ಸುಮ್ಮನೆ ಕೂತಿದ್ದಾರೋ ಅವರ ಹೆಡ್‌ಫೋನಲ್ಲಿ ರಿಂಗ್ ಆಗುತ್ತೆ. ಮಧ್ಯೆ ಇರೋ 400 ಕಿಲೋಮೀಟರ್ ಕಾಲ್ ಹಂಚೋ ಮಷೀನಿಗೆ ಲೆಕ್ಕಕ್ಕೇ ಇಲ್ಲ.

ಇದರಿಂದ ಏನು ಮಹಾ ಲಾಭ ಅಂತ ನನಗೂ ಅನ್ಸಿತ್ತು, ಜನ ಅಷ್ಟೇ, ಕಾಲ್ ಅಷ್ಟೇ, ಸಾಲು ಸೇರಿಸಿದ್ರೆ ಕಾಯೋದು ಹೆಂಗೆ ಕಮ್ಮಿಯಾಗುತ್ತೆ ಅಂತ. ಆದ್ರೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಎರ್ಲಾಂಗ್ ಅಂತ ಒಬ್ಬ ಗಣಿತದೋನಿದ್ದ, 1909ರಲ್ಲೇ ಫೋನ್ ಕಾಲ್‌ಗಳು ಹೆಂಗೆ ಬಂದು ಬೀಳ್ತವೆ ಅಂತ ಲೆಕ್ಕ ಬರೆದ, 1917ರಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತೆ ಅನ್ನೋದಕ್ಕೂ ಸೂತ್ರ ಕೊಟ್ಟ, ಫೋನಿನ ಟ್ರಾಫಿಕ್ ಅಳೆಯೋ ಯೂನಿಟ್ಟಿಗೇ ಈಗ ಅವನ ಹೆಸರು. ಆ ದಾರಿಯಲ್ಲೇ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎರಡು ಊರಲ್ಲಿ ಒಬ್ಬೊಬ್ಬರೇ ಕೂತಿದ್ದಾರೆ, ಒಬ್ಬೊಬ್ಬರಿಗೂ ಗಂಟೆಗೆ 16 ಕಾಲ್, ಒಂದೊಂದಕ್ಕೆ ಸರಾಸರಿ 3 ನಿಮಿಷ. ಬೇರೆ ಬೇರೆ ಕ್ಯೂ ಇದ್ರೆ ಜನ ಸರಾಸರಿ 12 ನಿಮಿಷ ಕಾಯ್ಬೇಕು, ಎರಡನ್ನೂ ಸೇರಿಸಿಬಿಟ್ರೆ ಐದು ನಿಮಿಷ ಚಿಲ್ಲರೆ. ಯಾಕೆಂದ್ರೆ ಕಾಲ್‌ಗಳು ಶಿಸ್ತಾಗಿ ಒಂದಾದ ಮೇಲೊಂದು ಬರಲ್ಲ, ಬಂದ್ರೆ ಜಾತ್ರೆ, ಇಲ್ಲಾಂದ್ರೆ ಬಿಕೋ. ಒಂದು ಕಡೆ ಜಾತ್ರೆ ಇದ್ದಾಗ ಇನ್ನೊಂದು ಕಡೆಯೋರು ಖಾಲಿ ಕೂತಿದ್ರಲ್ಲ, ಆ ಖಾಲಿ ನಿಮಿಷಗಳೇ ಈ ಲಾಭ. ಗಿರಮಿಟ್ಟಿನ ನಿಮಿಷಗಳು.

ಮಷೀನಿಗೆ ಒಂದು ದಡ್ಡತನ ಇದೆ ಮಾತ್ರ. ಟೀ ಕುಡಿಯೋಕೆ ಏಳೋವಾಗ ಬ್ರೇಕ್ ಬಟನ್ ಒತ್ತೋದು ಮರೆತ್ರೆ ಅದರ ಲೆಕ್ಕದಲ್ಲಿ ನೀವು ಎದ್ದೇ ಇಲ್ಲ. ಎಲ್ಲರಿಗಿಂತ ಜಾಸ್ತಿ ಹೊತ್ತು ಸುಮ್ಮನಿರೋದು ಯಾರು? ನಿಮ್ಮ ಖಾಲಿ ಕುರ್ಚಿನೇ! ಅಲ್ಲಿ 20 ಸೆಕೆಂಡ್ ರಿಂಗ್ ಆಗುತ್ತೆ, ಯಾರೂ ಎತ್ತಲ್ಲ, ಪಕ್ಕದವರಿಗೆ ಹೋಗುತ್ತೆ, ಸರಿ. ಆದ್ರೆ ಕುರ್ಚಿ ಇನ್ನೂ ಕಾಲ್ ತಗೊಂಡಿಲ್ಲವಲ್ಲ, ಹಂಗಾಗಿ ಮುಂದಿನ ಕಾಲೂ ಮೊದಲು ಅದಕ್ಕೇ. ಹುಬ್ಬಳ್ಳಿಯಲ್ಲಿ ಒಬ್ಬರು ಎದ್ದು ಹೋದ ತಪ್ಪಿಗೆ ಬೆಂಗಳೂರಿನ ನಮಗೆ ಬರೋ ಪ್ರತಿಯೊಬ್ಬರೂ 20 ಸೆಕೆಂಡ್ ಹಳಸಿ, ಹಲೋ ಅನ್ನೋದಕ್ಕೆ ಮುಂಚೆನೇ ಬೈಕೊಂಡು ಬರ್ತಾರೆ. (ನಾನೂ ಎರಡು ಸಲ ಮರೆತಿದೀನಿ, ಅದು ಗ್ರೂಪಲ್ಲಿ ಬಂದಿಲ್ಲ ಅಷ್ಟೇ.)

ರಂಗಪಂಚಮಿ ದಿನ ಹುಬ್ಬಳ್ಳಿ ಪೂರ್ತಿ ಬಣ್ಣದಲ್ಲಿ ಮುಳುಗಿರುತ್ತೆ, ಅವತ್ತು ಇಡೀ ಕ್ಯೂ ನಮ್ಮ ತಲೆ ಮೇಲೆ. ಇಲ್ಲಿ ಒಂದು ಗಂಟೆ ಮಳೆ ಬಿದ್ದು ನಾವು ಜಂಕ್ಷನ್‌ಗಳಲ್ಲಿ ಸಿಕ್ಕಾಕೊಂಡ್ರೆ ಅವರು ನೋಡ್ಕೋತಾರೆ. ಲೆಕ್ಕ ಚುಕ್ತಾ.

ಚುಕ್ತಾ ಆಗದೇ ಇರೋದು ಭಾಷೆ. ಒಂದು ದಿನ ಮಂಡ್ಯ ಕಡೆ ಯಜಮಾನರೊಬ್ಬರ ಕಾಲ್ ಹುಬ್ಬಳ್ಳಿ ಹುಡುಗನಿಗೆ ಹೋಯ್ತು. ಅವನು ಪಾಪ ಮರ್ಯಾದೆಯಿಂದ, "ಒಮ್ಮೆ ಮೋಟ್ರ ಹಚ್ರಿ ಯಜಮಾನ್ರ, ಸಪ್ಪಳ ಕೇಳ್ತೇನಿ" ಅಂದಿದಾನೆ. ಅಲ್ಲಿ ಫ್ಯಾನೂ ಹಚ್ತಾರೆ, ಟೀವಿನೂ ಹಚ್ತಾರೆ, ಫೋನೂ ಹಚ್ತಾರೆ. ಮಂಡ್ಯದಲ್ಲಿ ಹಚ್ಚೋದು ದೀಪ, ಇಲ್ಲಾ ಬೆಂಕಿ. "ಸಾಲ ಮಾಡಿ ತಂದಿರೋ ಮೋಟ್ರು ಕನಪ್ಪ, ಹಚ್ಚು ಅಂತೀಯಲ್ಲ, ನಿಂಗೇನ್ ಬಂದಿರದು" ಅಂತ ಶುರುವಾಗಿ, ಕೊನೆಗೆ ಇಬ್ಬರೂ ನಗ್ತಾ ಸ್ಟಾರ್ಟರ್ ಸರಿ ಮಾಡ್ಕೊಂಡ್ರಂತೆ. ನಮ್ಮ ಕಡೆಯಿಂದಲೂ ಕಮ್ಮಿಯೇನಿಲ್ಲ, ಗದಗಿನವರಿಗೆ ನಾನು "ಹೇಳಿ" ಅಂದ್ರೆ "ರಿ" ಎಲ್ಲಿ ಹೋಯ್ತು ಅನ್ನೋ ಹಂಗೆ ಆ ಕಡೆ ಒಂದು ಕ್ಷಣ ಮೌನ. ಈಗ ನಾನು ಎಲ್ಲದಕ್ಕೂ "ರಿ" ಸೇರಿಸ್ತೀನಿ, ಮನೆಯಲ್ಲಿ ಗಂಡನಿಗೂ ಸೇರಿಸಿ ಅವರು ಗಾಬರಿಯಾಗಿದ್ದೂ ಇದೆ.

ಮೊನ್ನೆ ಅದೇ ಯಜಮಾನರ ಫೋನು ನನಗೆ ಬಂತು. ನಾನು ಆಗ ಹನ್ನೊಂದು ನಿಮಿಷದಿಂದ ಖಾಲಿ.

"ನೀವ್ ಬ್ಯಾಡಿ ಕನವ್ವ, ಆ ಬೆಂಕಿ ಹಚ್ಚೋ ಹುಡ್ಗುಂಗೇ ಕೊಡಿ."

"ನಾನೇ ನೋಡ್ತೀನಿ ಹೇಳ್ರಿ ಯಜಮಾನ್ರೇ, ಅವರು ಬೇರೆ ಕಾಲಲ್ಲಿದ್ದಾರೆ."

"ಇರ್ಲಿ ಬುಡಿ, ಕಾಯ್ತೀನಿ."

ಹೋಲ್ಡಿಗೆ ಹಾಕಿದೆ. ಸ್ಕ್ರೀನಲ್ಲಿ ಆ ಹುಡುಗನ ಹೆಸರಿನ ಕೆಳಗೆ ಒಬ್ಬರೇ ಒಬ್ಬರ ಕ್ಯೂ, ಪಕ್ಕದಲ್ಲಿ ಟೈಮರ್ ಓಡ್ತಿದೆ, ಮೇಲಿನ ಸಾಲಲ್ಲಿ ನನ್ನ ಹೆಸರು ಹಸಿರಾಗೇ ಇದೆ. 12 ನಿಮಿಷ 40 ಸೆಕೆಂಡ್ ಕಾದ್ರು.