ಕೋವಿಯ ಹಕ್ಕಿಗೆ ಕಟ್ಟಳೆ ಬೇಡವೇ?

ಅಮೆರಿಕದಲ್ಲಿ ಎಲ್ಲಾದರೂ ಗುಂಡಿನ ದಾಳಿ ನಡೆದಾಗಲೆಲ್ಲ ಅಲ್ಲಿ ನೆಲೆಸಿರುವ ನನ್ನ ಸ್ನೇಹಿತರ ನಡುವೆ ಅದೇ ಚರ್ಚೆ ಮೊದಲಾಗುತ್ತದೆ. ಬಂದೂಕಿನ ಮೇಲೆ ಸರ್ಕಾರ ಯಾವ ನಿಯಮ ತಂದರೂ ಅದು ಸಂವಿಧಾನ ಕೊಟ್ಟ ಹಕ್ಕಿನ ಉಲ್ಲಂಘನೆಯೇ ಎಂದು ಒಬ್ಬರು ಪಟ್ಟು ಹಿಡಿಯುತ್ತಾರೆ. ಅಂಥ ಹಕ್ಕೇ ಇಲ್ಲ ಎಂದು ಇನ್ನೊಬ್ಬರು ವಾದಿಸುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಅಂಗೀಕಾರವಾದ ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 27 ಪದಗಳ ಒಂದು ವಾಕ್ಯ. ಆಯುಧ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ತರಕೂಡದು ಎಂಬ ಉತ್ತರಾರ್ಧ ಎಲ್ಲರಿಗೂ ಬಾಯಿಪಾಠ. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತುಬದ್ಧ ನಾಗರಿಕ ಪಡೆ ಅಗತ್ಯ ಎಂಬ ಪೂರ್ವಾರ್ಧ ಮಾತ್ರ ಗಂಟಲಲ್ಲೇ ಉಳಿದುಬಿಡುತ್ತದೆ. 2008ರ ಹೆಲ್ಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ವಾಷಿಂಗ್ಟನ್ ನಗರದ ಪಿಸ್ತೂಲು ನಿಷೇಧವನ್ನು ರದ್ದುಪಡಿಸಿ, ಮನೆಯಲ್ಲಿ ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ಆದರೆ ಅದನ್ನು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರೇ ಈ ಹಕ್ಕು ಎಲ್ಲೆಯಿಲ್ಲದ್ದಲ್ಲ ಎಂದೂ, ಶಾಲೆಗಳಂಥ ಸ್ಥಳಗಳಲ್ಲಿ ಬಂದೂಕು ನಿಷೇಧಿಸುವ ಕಾನೂನುಗಳ ಮೇಲೆ ತೀರ್ಪು ಸಂಶಯ ಮೂಡಿಸುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿದ್ದಾರೆ.

ನಮ್ಮಲ್ಲಿ ಇಂಥ ಸಾಂವಿಧಾನಿಕ ಹಕ್ಕಿಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ನಮ್ಮ ಅಜ್ಜನ ಒಂಟಿ ನಳಿಗೆಯ ಕೋವಿ ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗುತ್ತಿತ್ತು. ಅದರ ರಸೀದಿಯನ್ನು ಅಜ್ಜ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಹಣಿಗಳ ಜೊತೆ ಇಡುತ್ತಿದ್ದರು. ತೋಟಕ್ಕೆ ನುಗ್ಗುವ ಮಂಗಗಳಿಗೆ ಚುನಾವಣೆ ಗೊತ್ತೇ ಎಂದು ಗೊಣಗುತ್ತಿದ್ದರು, ಅದೂ ನಿಜ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಉಂಟು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಸರ್ಕಾರ ಕೊಟ್ಟ ವಿನಾಯಿತಿ, 2029ರವರೆಗೆ ಎಂಬ ಗಡುವಿರುವಂಥದ್ದು. ಹಕ್ಕು ಹಾಗಲ್ಲ, ಅದನ್ನು ಮೊಟಕುಗೊಳಿಸುವಾಗ ಸರ್ಕಾರವೇ ಕಾರಣ ಕೊಡಬೇಕು ಎಂದು ಸ್ನೇಹಿತರು ಹೇಳುವುದರಲ್ಲಿ ಹುರುಳಿದೆ.

ಹಾಗಾಗಿಯೇ ಅಮೆರಿಕದ ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ಅರ್ಧ ಭಾಗಕ್ಕೆ ನನ್ನ ಸಹಮತವಿದೆ. ವಿಶೇಷ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟವರಿಗೆ ಮಾತ್ರ ಪಿಸ್ತೂಲು ಹೊತ್ತು ತಿರುಗಲು ಪರವಾನಗಿ ಎಂಬ ನ್ಯೂಯಾರ್ಕಿನ ಕಾನೂನು ಹಕ್ಕನ್ನು ಅಧಿಕಾರಿಯ ಮರ್ಜಿಗೆ ಬಿಟ್ಟಿತ್ತು; ಕೋರ್ಟ್ ಅದನ್ನು ರದ್ದುಪಡಿಸಿದ್ದು ಸರಿ. ಆದರೆ ಯಾವ ನಿಯಂತ್ರಣವೇ ಆಗಲಿ, ಅದಕ್ಕೆ ಆ ದೇಶದ ಇತಿಹಾಸದಲ್ಲಿ ಹೋಲುವ ನಿದರ್ಶನ ತೋರಿಸಬೇಕು ಎಂದು ಕೋರ್ಟ್ ವಿಧಿಸಿದ ಪರೀಕ್ಷೆ ಎಷ್ಟು ವಿಚಿತ್ರ! ಹಳೆಯ ನಿಯಮಗಳಿಗೇನೂ ಕೊರತೆಯಿಲ್ಲ: 1783ರಲ್ಲೇ, ಬೆಂಕಿಯ ಭಯದಿಂದ, ಬಾಸ್ಟನ್ನಿನ ಮನೆ, ಕೊಟ್ಟಿಗೆಗಳಿಗೆ ಮದ್ದು ತುಂಬಿದ ಕೋವಿ ಒಯ್ಯುವುದನ್ನು ಕಾನೂನು ನಿಷೇಧಿಸಿತ್ತು. ಆದರೆ ಹೆಂಗಸರ ಮೇಲಿನ ಹಿಂಸೆಯನ್ನು ಮನೆಯೊಳಗಿನ ವಿಷಯವೆಂದು ನೋಡುತ್ತಿದ್ದ ಕಾಲದಲ್ಲಿ ಅದಕ್ಕೆಂದೇ ಮಾಡಿದ ಬಂದೂಕು ಕಾನೂನನ್ನು ಹುಡುಕುವುದೆಲ್ಲಿ?

ಟೆಕ್ಸಾಸಿನ ರಹೀಮಿ ಪ್ರಕರಣದಲ್ಲಿ ಆದದ್ದು ಇದೇ. ರಹೀಮಿ ಎಂಬಾತ ತನ್ನ ಗೆಳತಿಯ ಮೇಲೆ ಹಲ್ಲೆ ನಡೆಸಿದ್ದಕ್ಕಾಗಿ 2020ರಲ್ಲಿ ನ್ಯಾಯಾಲಯ ಅವಳಿಗೆ ರಕ್ಷಣಾ ಆದೇಶ ನೀಡಿತ್ತು. ಅಂಥ ಆದೇಶಕ್ಕೆ ಒಳಪಟ್ಟವನು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಆದರೂ ಸಾಲುಸಾಲು ಗುಂಡು ಹಾರಾಟಗಳಲ್ಲಿ ಅವನ ಹೆಸರು ಕೇಳಿಬಂತು. ಉಪಾಹಾರ ಗೃಹವೊಂದರಲ್ಲಿ ಸ್ನೇಹಿತನ ಕ್ರೆಡಿಟ್ ಕಾರ್ಡ್ ನಡೆಯಲಿಲ್ಲವೆಂದು ಗಾಳಿಯಲ್ಲಿ ಗುಂಡು ಹಾರಿಸಿದ್ದೂ ಅವುಗಳಲ್ಲಿ ಒಂದು. ಇಂಥವನ ಕೈಗೆ ಬಂದೂಕು ಸಿಗದಂತೆ ತಡೆಯುವ ಆ ಕಾನೂನನ್ನು, ಇತಿಹಾಸದಲ್ಲಿ ಹೋಲಿಕೆ ಸಿಗಲಿಲ್ಲವೆಂದು, 2023ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅಸಿಂಧುವೆಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಕಾನೂನನ್ನು 8–1ರಲ್ಲಿ ಎತ್ತಿಹಿಡಿಯಿತು. ಭಿನ್ನಮತ ಬರೆದ ಆ ಒಬ್ಬರು ಕ್ಲಾರೆನ್ಸ್ ಥಾಮಸ್. ಬ್ರೂಯೆನ್ ತೀರ್ಪನ್ನು ಬರೆದವರೂ ಅವರೇ.