ಬ್ರೇಕ್ ಆಯಿಲ್ ಮೇಲಿಂದ ತುಂಬಿಸಿದರೆ ಮುಗಿಯಿತೇ?

ಹಳೆಯ ಟಾಟಾ ಸಫಾರಿ ಕಾರನ್ನು ಮನೆಯಲ್ಲೇ ನೋಡಿಕೊಳ್ಳುವ ಬಗೆಗಿನ ಲೇಖನ ಓದಿದೆ. ಗಾಡಿಯ ಏರ್ ಫಿಲ್ಟರ್, ಬ್ಯಾಟರಿ, ವೈಪರ್‌ಗಳನ್ನು ಮನೆಯಂಗಳದಲ್ಲೇ ಬದಲಿಸಿಕೊಳ್ಳಬಹುದು ಎಂಬ ಲೇಖಕರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಬ್ರೇಕ್ ಆಯಿಲ್ (ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ) ಇಳಿದಿದ್ದರೆ ಮೇಲಿಂದ ತುಂಬಿಸಿದರೆ ಸಾಕು ಎಂದಿರುವುದನ್ನು ಒಪ್ಪಲಾರೆ. ಮಟ್ಟ ಇಳಿದಿದೆ ಎಂದರೆ ಒಂದೋ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೊದಲು ಅದನ್ನು ಹುಡುಕಬೇಕು. ಸಾಲದ್ದಕ್ಕೆ ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದಾದರೆ ಹೊಸತರಲ್ಲಿ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ನಮ್ಮ ಮೂಡಿಗೆರೆಯ ಮಳೆಗಾಲಗಳನ್ನು ಕಂಡ ಗಾಡಿಯ ಬ್ಲೀಡ್ ನಿಪ್ಪಲ್ (ಬ್ರೇಕಿನಿಂದ ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿ ನೋಡಿ, ಡಿಕಾಕ್ಷನ್ ಬಣ್ಣದ ಆಯಿಲ್ ಹೊರಬರುತ್ತದೆ. ಅದನ್ನೇ ನಂಬಿಕೊಂಡು ಸುಮಾರು ಎರಡು ಟನ್ ಭಾರವನ್ನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯಲ್ಲಿ ಇಳಿಸಿದರೆ, ಆಯಿಲ್ ಕುದಿದು ಗುಳ್ಳೆ ಎದ್ದು, ಒತ್ತಿದ ಬಲವೆಲ್ಲ ಗುಳ್ಳೆಯನ್ನು ಅದುಮುವುದಕ್ಕೇ ಹೋಗಿ, ಬ್ರೇಕ್ ಹಿಡಿಯದೆ ಪೆಡಲ್ ನೆಲ ಮುಟ್ಟೀತು! ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಪೈಪಿನೊಳಗಿನ ಗಾಳಿಯನ್ನು ಬಲ್ಲವರಿಂದ ತೆಗೆಸಿ.

ಲೇಖಕರು ಗಾಡಿಯ ಛಾವಣಿಯ ಮೇಲಿನ ಎಲ್‌ಇಡಿ ದೀಪದ ಪಟ್ಟಿಯನ್ನು ಅಷ್ಟೊಂದು ಹೊಗಳಿದ್ದೇಕೋ ತಿಳಿಯದು. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಆ ಬೆಳಕು ತಿರುಗಿ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಆ ದುಡ್ಡಿನಲ್ಲಿ ಬಂಪರ್ ಕೆಳಗೆ ಒಂದು ಜೊತೆ ಫಾಗ್ ಲ್ಯಾಂಪ್ (ಮಂಜಿನ ದೀಪ) ಹಾಕಿಸಿಕೊಳ್ಳುವುದು ಲೇಸು.