ಸತ್ಯಾಂಶ: ನೆಗೆಟಿವ್ ಹಾರ್ಮನಿ ದುಃಖದ ಸೂತ್ರವಲ್ಲ

ಸಂತೋಷದ ಹಾಡನ್ನು ದುಃಖದ ಹಾಡಾಗಿಸುವ ‘ನೆಗೆಟಿವ್ ಹಾರ್ಮನಿ’ಯನ್ನು ಬ್ರಿಟಿಷ್ ಸಂಗೀತಗಾರ ಜೇಕಬ್ ಕಾಲಿಯರ್ ಕಂಡುಹಿಡಿದರು ಎಂಬ ಸಂದೇಶ ಹರಿದಾಡುತ್ತಿದೆ, ಅದರ ಎರಡೂ ಭಾಗಗಳು ತಪ್ಪು. ಕಾಲಿಯರ್ ಜನಪ್ರಿಯಗೊಳಿಸಿದ ಈ ಚಿಂತನೆಗೆ ಆಧಾರ, 1981ರಲ್ಲಿ ತೀರಿಕೊಂಡ ಸ್ವಿಸ್ ಸಂಗೀತಜ್ಞ ಅರ್ನ್ಸ್ಟ್ ಲೆವಿ ಅವರ, 1985ರಲ್ಲಿ ಪ್ರಕಟವಾದ ಗ್ರಂಥ.

ಸಿ ಶ್ರುತಿಯಲ್ಲಿ ಸಿ ಮತ್ತು ಜಿ ಸ್ವರಗಳ, ಅಂದರೆ ನಮ್ಮ ಷಡ್ಜ-ಪಂಚಮಗಳ, ನಟ್ಟನಡುವೆ ಕನ್ನಡಿಯಿಟ್ಟಂತೆ ಸ್ವರಗಳನ್ನು ಅದಲುಬದಲು ಮಾಡುವುದೇ ನೆಗೆಟಿವ್ ಹಾರ್ಮನಿಯ ಕ್ರಮ: ಸಿ ಇದ್ದಲ್ಲಿ ಜಿ, ಡಿ ಇದ್ದಲ್ಲಿ ಎಫ್, ಇ ಇದ್ದಲ್ಲಿ ಇ-ಫ್ಲಾಟ್ (ಅರ್ಧ ಸ್ವರ ತಗ್ಗಿಸಿದ ಇ), ಬಿ ಇದ್ದಲ್ಲಿ ಎ-ಫ್ಲಾಟ್ ಬರುತ್ತದೆ. ಹೀಗೆ ಜಿ, ಬಿ, ಡಿ, ಎಫ್ ಸ್ವರಗಳ ಜಿ ಸೆವೆನ್ತ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎಫ್ ಮೈನರ್ ಸಿಕ್ಸ್ತ್ ಆಗುತ್ತದೆ, ಮತ್ತು ಅದೂ ಸಿ ಕಾರ್ಡಿಗೆ ಸೊಗಸಾಗಿ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ಸಂತೋಷದ್ದೆನಿಸುವ ಸಿ ಮೇಜರ್ ಕಾರ್ಡ್, ದುಃಖದ್ದೆನಿಸುವ ಸಿ ಮೈನರ್ ಆಗುವುದು ನಿಜವಾದರೂ, ಅದೇ ಕ್ರಮದಲ್ಲಿ ಸಿ ಮೈನರ್ ಕೂಡ ಸಿ ಮೇಜರ್ ಆಗುತ್ತದೆ. ಹಾಡಿನ ಭಾವವನ್ನು ಲಯ, ವೇಗ, ಸಾಹಿತ್ಯಗಳೂ ನಿರ್ಧರಿಸುತ್ತವೆ.